ಮರ್ಖಾ ಕಣಿವೆ ಚಾರಣ: ತಯಾರಿಯಿಂದ ಕೊಂಗ್ಮಾರು ಲಾ ದಾಟುವವರೆಗೆ

ಕರ್ನಾಟಕದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ. ಅದರ ನೆತ್ತಿ 1,930 ಮೀಟರ್. ಲೇಹ್‌ನ ವಿಮಾನ ನಿಲ್ದಾಣವೇ 3,256 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನಿಂದ ಹೊರಟು, ದೆಹಲಿಯಲ್ಲಿ ವಿಮಾನ ಬದಲಿಸಿ, ಬೆಳಗಿನ ಹೊತ್ತು ಅಲ್ಲಿ ಇಳಿದವರು ಒಂದು ಹೆಜ್ಜೆಯನ್ನೂ ಹತ್ತದೆ ತಮ್ಮ ರಾಜ್ಯದ ಎಲ್ಲ ಶಿಖರಗಳನ್ನು ಕೆಳಗೆ ಬಿಟ್ಟಿರುತ್ತಾರೆ. ಆ ಗಳಿಗೆಯಲ್ಲಿ ಏನೂ ಅನ್ನಿಸುವುದಿಲ್ಲ. ಬಿಸಿಲು ಹಿತವಾಗಿರುತ್ತದೆ, ಊರು ಸುತ್ತುವ ಉಮೇದು ಇರುತ್ತದೆ. ತಲೆ ಸಿಡಿಯತೊಡಗುವುದು ಸಂಜೆಗೆ.

ಲಡಾಖ್‌ನ ಮರ್ಖಾ ಕಣಿವೆಯ ಚಾರಣ ಮೊದಲ ಬಾರಿ ದೊಡ್ಡ ಎತ್ತರಕ್ಕೆ ಹೋಗುವವರಿಗೆ ಹೇಳಿ ಮಾಡಿಸಿದ ದಾರಿ. ಜಂಸ್ಕಾರ್ ನದಿಯ ದಡದ ಚಿಲ್ಲಿಂಗ್ ಬಳಿ ಶುರುವಾಗಿ, ಮರ್ಖಾ ಹೊಳೆಯ ಜೊತೆಜೊತೆಗೆ ಹಳ್ಳಿಯಿಂದ ಹಳ್ಳಿಗೆ ಏರುತ್ತ, ನಿಮಾಲಿಂಗ್ ಎಂಬ ಹುಲ್ಲುಗಾವಲನ್ನು ಮುಟ್ಟಿ, ಕೊಂಗ್ಮಾರು ಲಾ ಎಂಬ ಪಾಸ್ (ಬೆಟ್ಟಸಾಲನ್ನು ದಾಟುವ ಎತ್ತರದ ಹಾದಿ, ಲಡಾಖಿನಲ್ಲಿ ಅದಕ್ಕೆ ಲಾ ಎನ್ನುತ್ತಾರೆ) ದಾಟಿ ಶಾಂಗ್ ಸುಮ್ದೊಗೆ ಇಳಿಯುತ್ತದೆ. ಏರು ನಿಧಾನ. ಹೆಚ್ಚಿನ ರಾತ್ರಿಗಳಲ್ಲಿ ಮಲಗಲು ಮನೆಯೇ ಸಿಗುತ್ತದೆ. ಹಗ್ಗ, ಹಿಮಗೊಡಲಿಗಳ ಗೊಡವೆ ಇಲ್ಲ. ಆದರೆ ಆ ಕೊನೆಯ ಪಾಸ್ 5,200 ಮೀಟರ್ ಆಸುಪಾಸಿನದು (ನಕ್ಷೆಯಿಂದ ನಕ್ಷೆಗೆ ಅಂಕಿ ಕೊಂಚ ಬದಲಾಗುತ್ತದೆ). ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರುವುದರ ಸುಮಾರು ಅರ್ಧ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲಿಯೂ ಶೇ 21ರಷ್ಟೇ ಇದ್ದರೂ ಒಂದೊಂದು ಉಸಿರಿಗೆ ದಕ್ಕುವುದು ಅರ್ಧ ಮಾತ್ರ.

ಹಾಗಾಗಿ ಖರ್ಚಿನ ಲೆಕ್ಕ ಹಾಕುವಾಗ ಮೊದಲು ದಿನಗಳನ್ನು ಕೊಳ್ಳಿ, ಆಮೇಲೆ ಜಾಕೆಟ್ಟು, ಬೂಟು. ಒಂದು ವಾರದಲ್ಲಿ ಮುಗಿಸಿ ಕಳುಹಿಸುವ ಪ್ಯಾಕೇಜುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಮನೆಯಿಂದ ಮನೆಗೆ ಹನ್ನೊಂದು ಹನ್ನೆರಡು ದಿನ ಸಿಗುವುದಿಲ್ಲ ಎಂದಾದರೆ ಈ ವರ್ಷ ಬೇರೆಲ್ಲಾದರೂ ಹೋಗಿ ಬನ್ನಿ ಎಂದೇ ನಾನು ಹೇಳುತ್ತೇನೆ.

ಯಾವ ತಿಂಗಳು

ಲಡಾಖ್ ಹಿಮಾಲಯದ ಮಳೆನೆರಳಿನ ನಾಡು. ನಮ್ಮಲ್ಲಿ ಜಡಿಮಳೆ ಹಿಡಿದಿರುವ ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಚಾರಣದ ಕಾಲ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ದಾರಿ ನಡೆಯುತ್ತದೆ. ಜೂನ್‌ನಲ್ಲಿ ಪಾಸ್ ಮೇಲೆ ಹಿಮ ಉಳಿದಿರಬಹುದು. ಜುಲೈ, ಆಗಸ್ಟ್‌ನಲ್ಲಿ ಹಿಮ ಕರಗಿ ಹೊಳೆ ತುಂಬಿರುತ್ತದೆ. ಸೆಪ್ಟೆಂಬರ್ ಮೊದಲ ಎರಡು ವಾರ ನನ್ನ ಆಯ್ಕೆ: ನೀರು ತಗ್ಗಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಹಳ್ಳಿಗಳಲ್ಲಿ ಬಾರ್ಲಿ ಕೊಯ್ಲಿನ ಸಡಗರ ಸಿಗುತ್ತದೆ. ರಾತ್ರಿಯ ಚಳಿ ಮಾತ್ರ ಹೆಚ್ಚು.

ಮಳೆನೆರಳು ಎಂದರೆ ಮಳೆಯೇ ಬಾರದು ಎಂದಲ್ಲ. 2010ರ ಆಗಸ್ಟ್ 5ರ ರಾತ್ರಿ ಲೇಹ್ ಸುತ್ತಮುತ್ತ ಮೇಘಸ್ಫೋಟವಾಗಿ ಕೆಸರಿನ ಪ್ರವಾಹದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಗಿಡಮರಗಳಿಲ್ಲದ ಗುಡ್ಡ ನೀರನ್ನು ಹಿಡಿದಿಡುವುದಿಲ್ಲ, ಬಿದ್ದದ್ದೆಲ್ಲ ಕಲ್ಲುಮಣ್ಣು ಸಮೇತ ಕೆಳಗೆ ಬರುತ್ತದೆ. ಎಷ್ಟೇ ಚೆಂದ ಕಂಡರೂ ಒಣಗಿದ ತೊರೆಯ ಪಾತ್ರದಲ್ಲಿ ಡೇರೆ ಹಾಕಬಾರದು.

ಹೊರಡುವ ಎರಡು ತಿಂಗಳು ಮೊದಲು

ಜಿಮ್ಮಿನಲ್ಲಿ ಬೆವರು ಹರಿಸುವುದಕ್ಕಿಂತ ಮೆಟ್ಟಿಲು ಹತ್ತುವುದು ಲೇಸು. ವಾರಕ್ಕೆ ನಾಲ್ಕು ದಿನ ಒಂದು ಗಂಟೆಯ ಬಿರುಸಿನ ನಡಿಗೆ ಅಥವಾ ಓಟ, ವಾರಾಂತ್ಯದಲ್ಲಿ ಬೆನ್ನಿಗೆ ಆರೇಳು ಕಿಲೊ ಹೊತ್ತು ಬೆಟ್ಟ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲಿದೆ. ಹತ್ತುವುದರಷ್ಟೇ ಇಳಿಯುವುದೂ ಮುಖ್ಯ, ಏಕೆಂದರೆ ಕೊಂಗ್ಮಾರು ಲಾ ದಾಟಿದ ದಿನ ಸುಮಾರು ಒಂದೂವರೆ ಸಾವಿರ ಮೀಟರ್ ಇಳಿಯಬೇಕು. ಕುಕ್ಕೆಯಿಂದ ಕುಮಾರ ಪರ್ವತ ಹತ್ತಿಳಿದು ಮಾರನೆಯ ದಿನವೂ ನಡೆಯಬಲ್ಲವರಿಗೆ ಕಾಲಿನ ಬಲ ಸಾಕು.

ಆದರೆ ಕಾಲಿನ ಬಲಕ್ಕೂ ಎತ್ತರದ ಕಾಯಿಲೆಗೂ ನಂಟಿಲ್ಲ. ಮ್ಯಾರಥಾನ್ ಓಡುವ ಯುವಕ ಲೇಹ್‌ನ ಹಾಸಿಗೆಯಲ್ಲಿ ವಾಂತಿ ಮಾಡುತ್ತ ಬಿದ್ದಿರುವುದು, ಅರವತ್ತರ ನಿವೃತ್ತ ಮೇಷ್ಟರು ಎಳೆಬಿಸಿಲಿಗೆ ಮೈಯೊಡ್ಡಿ ಚಹಾ ಕುಡಿಯುತ್ತಿರುವುದು ಅಲ್ಲಿ ಸಾಮಾನ್ಯ ನೋಟ. ಗಟ್ಟಿ ಆಳುಗಳಿಗೇ ಅಪಾಯ ಹೆಚ್ಚು ಎಂದರೂ ತಪ್ಪಾಗದು. ಅವರು ವೇಗವಾಗಿ ಏರಬಲ್ಲರು, ಹಾಗಾಗಿ ಏರಿಬಿಡುತ್ತಾರೆ.

ವೈದ್ಯರನ್ನು ಕಾಣುವುದನ್ನು ಕೊನೆಯ ವಾರಕ್ಕೆ ಬಿಡಬೇಡಿ. ರಕ್ತದೊತ್ತಡ, ಹಿಮೋಗ್ಲೋಬಿನ್, ಸಕ್ಕರೆ ನೋಡಿಸಿಕೊಳ್ಳಿ. ಹೃದಯದ, ಶ್ವಾಸಕೋಶದ ತೊಂದರೆ ಇದ್ದವರು, ಗರ್ಭಿಣಿಯರು, ಹಿಂದೊಮ್ಮೆ ಎತ್ತರದಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿದ್ದವರು ವೈದ್ಯರ ಸ್ಪಷ್ಟ ಒಪ್ಪಿಗೆ ಇಲ್ಲದೆ ಟಿಕೆಟ್ ಕಾಯ್ದಿರಿಸಬಾರದು. ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ಅಸಿಟಜೋಲಮೈಡ್ ಮಾತ್ರೆಯ ಬಗ್ಗೆಯೂ ಆಗಲೇ ಕೇಳಿ. ಮುನ್ನೆಚ್ಚರಿಕೆಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆರಡು ಬಾರಿ, ಎತ್ತರಕ್ಕೆ ಹೋಗುವ ಹಿಂದಿನ ದಿನದಿಂದ. ಸಲ್ಫಾ ಔಷಧಿ ಒಗ್ಗದವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಬೆರಳ ತುದಿ ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗುವಂತಾಗುವುದು ಮಾತ್ರೆಯ ಗುಣ, ಗಾಬರಿ ಬೇಡ.

ಗೈಡ್‌ನನ್ನು ಆರಿಸುವುದು

ದಾರಿ ತಪ್ಪದಿರಲಿ ಎಂದು ಗೈಡ್ ಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಮರ್ಖಾದಲ್ಲಿ ದಾರಿ ತಪ್ಪುವುದು ಅಷ್ಟು ಸುಲಭವಲ್ಲ, ಕಣಿವೆ ಒಂದೇ. ಗೈಡ್ ಬೇಕಾಗುವುದು ಹೊಳೆಯನ್ನು ಇಂದು ಎಲ್ಲಿ ದಾಟಬೇಕು ಎಂದು ಹೇಳಲು, ನೀವು ಓಡುವಾಗ ತಡೆಯಲು, ನಿಮ್ಮ ಮುಖ ನೋಡಿ "ಇವತ್ತು ಮೇಲೆ ಬೇಡ" ಎನ್ನಲು. ಕೊನೆಯದು ಎಲ್ಲಕ್ಕಿಂತ ದೊಡ್ಡ ಕೆಲಸ. ಹಣ ಕೊಟ್ಟು ಬಂದ ಅತಿಥಿಗೆ ಆ ಮಾತು ಹೇಳುವ ಎದೆಗಾರಿಕೆ ಎಲ್ಲರಿಗೂ ಇರುವುದಿಲ್ಲ. ಲಡಾಖ್‌ನವರೇ ಆದ, ಸಾಧ್ಯವಾದರೆ ಆ ಕಣಿವೆಯ ಅಥವಾ ಪಕ್ಕದ ಹಳ್ಳಿಯ ಗೈಡ್ ಸಿಕ್ಕರೆ ಬಿಡಬೇಡಿ. ಹೋಂಸ್ಟೇ ಮನೆಯವರೊಂದಿಗೆ ಅವರದೇ ಭಾಷೆಯಲ್ಲಿ ಮಾತಾಡುವವನಿಗೆ ಮೇಲಿನ ಹೊಳೆಯ, ಹಿಮದ ಸುದ್ದಿ ಎರಡು ದಿನ ಮೊದಲೇ ಸಿಗುತ್ತದೆ.

ಸಂಸ್ಥೆಯ ಜೊತೆ ಮಾತಾಡುವಾಗ ಊಟದಲ್ಲಿ ಏನೇನಿರುತ್ತದೆ ಎಂಬುದನ್ನು ಆಮೇಲೆ ಕೇಳಬಹುದು. ಮೊದಲು ಇವನ್ನು ಕೇಳಿ. ನೋಂದಣಿ ಇದೆಯೇ? ಒಬ್ಬ ಗೈಡ್‌ಗೆ ಎಷ್ಟು ಜನ? ಒಬ್ಬರಿಗೆ ಹುಷಾರಿಲ್ಲದೆ ಕೆಳಗಿಳಿಯಬೇಕಾದರೆ ಅವರ ಜೊತೆ ಯಾರು ಹೋಗುತ್ತಾರೆ, ಉಳಿದವರ ಜೊತೆ ಯಾರು ಇರುತ್ತಾರೆ? ನಿಮಾಲಿಂಗ್‌ನಲ್ಲಿ ಆಮ್ಲಜನಕದ ಸಿಲಿಂಡರ್ ಎಷ್ಟು ಗಂಟೆಗೆ ಸಾಕಾಗುತ್ತದೆ? ಸಾಮಾನು ಹೊರುವ ಕುದುರೆಗಳ ಜೊತೆ ಸವಾರಿಗೆ ಬರುವ ಒಂದು ಕುದುರೆ ಇದೆಯೇ? ಎರಡನೆಯ ಗೈಡ್ ಅಥವಾ ಸಹಾಯಕ ಇಲ್ಲದ ಗುಂಪಿನಲ್ಲಿ ಒಬ್ಬರಿಗೆ ಕಾಯಿಲೆಯಾದರೆ ಎಲ್ಲರೂ ಇಳಿಯಬೇಕು, ಇಲ್ಲವೇ ಯಾರೋ ಒಂಟಿಯಾಗಬೇಕು. ಈ ಪ್ರಶ್ನೆಗೆ ತಡವರಿಸುವ ಸಂಸ್ಥೆಯನ್ನು ಅಲ್ಲಿಗೇ ಬಿಟ್ಟುಬಿಡಿ.

ಫೋನಿನ ವಿಷಯವನ್ನೂ ತಿಳಿದಿರಬೇಕು. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಕಣಿವೆಯೊಳಗೆ ಹೋದ ಮೇಲೆ ಅದನ್ನೂ ನೆಚ್ಚಬಾರದು. ಉಪಗ್ರಹ ಫೋನನ್ನು ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ವಿದೇಶದಲ್ಲಿರುವ ಕನ್ನಡಿಗ ಗೆಳೆಯರು ಅಲ್ಲಿ ಬಳಸುವ ಉಪಗ್ರಹ ಸಂದೇಶದ ಪುಟ್ಟ ಸಾಧನವನ್ನು ಚೀಲದಲ್ಲಿ ಹಾಕಿಕೊಂಡು ಬಂದರೆ ವಿಮಾನ ನಿಲ್ದಾಣದಲ್ಲೇ ಪೊಲೀಸರಿಗೆ ಉತ್ತರ ಹೇಳಬೇಕಾದೀತು. ನೇಪಾಳದಂತೆ ಕರೆದ ಕೂಡಲೇ ಖಾಸಗಿ ಹೆಲಿಕಾಪ್ಟರ್ ಬರುವ ಪರಿಪಾಠವೂ ಇಲ್ಲಿಲ್ಲ. ಯಾರಾದರೂ ನಡೆದು ಹೋಗಿ ಸುದ್ದಿ ಮುಟ್ಟಿಸಬೇಕು, ಕುದುರೆಯ ಮೇಲೆ ಇಳಿಸಬೇಕು. ಅದಕ್ಕೇ ಕಾಯಿಲೆಯ ಮೊದಲ ಸೂಚನೆಗೇ ನಿಲ್ಲುವುದು ಇಲ್ಲಿ ಅಷ್ಟು ಮುಖ್ಯ.

ಚೀಲದಲ್ಲಿ ಏನು

ಕುದುರೆ ಹೊರುವ ಚೀಲ ಹತ್ತು ಕಿಲೊ ಮೀರದಿರಲಿ, ಚಕ್ರದ ಸೂಟ್‌ಕೇಸ್ ಬೇಡವೇ ಬೇಡ. ಬಟ್ಟೆ ಪದರಪದರವಾಗಿರಲಿ: ಒಳಗೆ ಬೆವರು ಹೀರುವ ಅಂಗಿ (ಹತ್ತಿಯದು ಬೇಡ, ಒದ್ದೆಯಾದರೆ ಒಣಗದು), ಅದರ ಮೇಲೆ ಫ್ಲೀಸ್, ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್, ಸಂಜೆಗೆ ಹಕ್ಕಿಯ ಮೃದುಗರಿ ತುಂಬಿದ ಡೌನ್ ಜಾಕೆಟ್. ಬೂಟನ್ನು ಕನಿಷ್ಠ ಒಂದೂವರೆ ತಿಂಗಳು ಮೊದಲೇ ಕೊಂಡು ಹಾಕಿಕೊಂಡು ತಿರುಗಿ. ಹೊಸ ಬೂಟಿನಲ್ಲಿ ಬಂದ ಬೊಕ್ಕೆ ಎತ್ತರಕ್ಕಿಂತ ಹೆಚ್ಚು ಜನರನ್ನು ಗೋಳಾಡಿಸಿದೆ. ಹೊಳೆ ದಾಟಲು ಹಿಂಬದಿ ಪಟ್ಟಿ ಇರುವ ಸ್ಯಾಂಡಲ್ ಬೇಕು, ಹವಾಯಿ ಚಪ್ಪಲಿ ನೀರಿನಲ್ಲಿ ತೇಲಿ ಹೋಗುತ್ತದೆ. ಒಂದು ಜೊತೆ ಚಾರಣದ ಕೋಲು, ತಲೆಗೆ ಕಟ್ಟುವ ದೀಪ, ಅತಿನೇರಳೆ ಕಿರಣ ತಡೆಯುವ ಕಪ್ಪು ಕನ್ನಡಕ, ಹೆಚ್ಚು ಶಕ್ತಿಯ ಸನ್‌ಸ್ಕ್ರೀನ್, ತುಟಿಗೆ ಮುಲಾಮು. ನಿಮಾಲಿಂಗ್‌ನಲ್ಲಿ ಹೊದಿಕೆ ಸಿಗುತ್ತದಾದರೂ ನಿಮ್ಮದೇ ಸ್ಲೀಪಿಂಗ್ ಬ್ಯಾಗ್ ಇದ್ದರೆ ನಿದ್ದೆ ನಿಮ್ಮ ಕೈಯಲ್ಲಿ. ಚಳಿಗೆ ಬ್ಯಾಟರಿ ಬೇಗ ಸೋರುತ್ತದೆ, ರಾತ್ರಿ ಫೋನು ಮತ್ತು ಪವರ್ ಬ್ಯಾಂಕನ್ನು ಹೊದಿಕೆಯೊಳಗೆ ಇಟ್ಟುಕೊಳ್ಳಿ.

ತಿನ್ನುವುದಕ್ಕೆ ಒಂದು ಮಾತು. ಎತ್ತರದಲ್ಲಿ ನಾಲಿಗೆ ಸಪ್ಪೆಯಾಗುತ್ತದೆ, ಹಸಿವು ಸಾಯುತ್ತದೆ. ಚಟ್ನಿಪುಡಿ, ಒಣ ಅವಲಕ್ಕಿ, ನಿಂಬೆ ಉಪ್ಪಿನಕಾಯಿ ಒಂದಿಷ್ಟು ಕಟ್ಟಿಕೊಂಡು ಹೋದರೆ ನಾಲ್ಕನೆಯ ದಿನ ಅದರ ಬೆಲೆ ತಿಳಿಯುತ್ತದೆ.

ಲೇಹ್‌ನಲ್ಲಿ ಮೂರು ರಾತ್ರಿ

ಮೊದಲ ದಿನ ಏನೂ ಮಾಡಬೇಡಿ. ಹೋಟೆಲಿನ ಮೆಟ್ಟಿಲನ್ನೂ ನಿಧಾನವಾಗಿ ಹತ್ತಿ. ಮಲಗುವ ಆಸೆಯಾದರೆ ಒರಗಿ ಕುಳಿತುಕೊಳ್ಳಿ, ನೀರು, ಗಂಜಿ, ಸೂಪು ಕುಡಿಯಿರಿ. ಮದ್ಯ ಬೇಡ, ನಿದ್ದೆ ಮಾತ್ರೆಯೂ ಬೇಡ. ಎರಡೂ ಉಸಿರಾಟವನ್ನು ತಗ್ಗಿಸುತ್ತವೆ. ರಾತ್ರಿ ನಿದ್ದೆಯಲ್ಲಿ ಉಸಿರು ಕೆಲವು ಕ್ಷಣ ನಿಂತು ಆಮೇಲೆ ರಭಸದಿಂದ ಬಂದು ಎಚ್ಚರವಾಗಬಹುದು. ಎತ್ತರದಲ್ಲಿ ಇದು ಬಹುತೇಕರಿಗೆ ಆಗುವಂಥದು, ಕಾಯಿಲೆಯಲ್ಲ. ಎರಡನೆಯ ದಿನ ಪೇಟೆಯಲ್ಲಿ ಅಡ್ಡಾಡಿ. ಮೂರನೆಯ ದಿನ ಶಾಂತಿ ಸ್ತೂಪದವರೆಗೋ ಹಳೆಯ ಅರಮನೆಯವರೆಗೋ ಹತ್ತಿ ಇಳಿಯಿರಿ. ಲೇಹ್‌ಗಿಂತ ಬಹಳ ಎತ್ತರದ ಖರ್ದುಂಗ್ ಲಾಗೆ ಕಾರಿನಲ್ಲಿ ಹೋಗಿ ಫೋಟೊ ತೆಗೆಸಿಕೊಂಡು ಬರುವ ಉಪಾಯವನ್ನು ಟ್ಯಾಕ್ಸಿಯವರು ಹೇಳುತ್ತಾರೆ. ಚಾರಣ ಮುಗಿಸಿ ಬಂದ ಮೇಲೆ ನೋಡೋಣ ಎನ್ನಿ.

ರಸ್ತೆಯಲ್ಲಿ ಬರುವ ಮನಸ್ಸಿದ್ದರೆ ಶ್ರೀನಗರದ ಕಡೆಯಿಂದ ಬನ್ನಿ. ರಾತ್ರಿ ತಂಗುವ ಕಾರ್ಗಿಲ್ 2,700 ಮೀಟರ್ ಒಳಗೇ ಇದೆ. ಮನಾಲಿ ದಾರಿಯಲ್ಲಿ 5,300 ಮೀಟರ್ ಮೀರಿದ ತಗ್ಲಂಗ್ ಲಾ ದಾಟಬೇಕು, 4,200 ಮೀಟರ್ ಮೀರಿದ ಸರ್ಚುವಿನಲ್ಲಿ ಮಲಗಬೇಕು. ಒಗ್ಗದ ಮೈಗೆ ಆ ಒಂದು ರಾತ್ರಿ ಸಾಕು.

ಹೆಮಿಸ್ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕದ ವ್ಯವಸ್ಥೆಯನ್ನು ಗೈಡ್ ನೋಡಿಕೊಳ್ಳುತ್ತಾನೆ. 1981ರಲ್ಲಿ ಘೋಷಣೆಯಾದ ಈ ಉದ್ಯಾನದೊಳಗೇ ಚಾರಣದ ದಾರಿ ಇದೆ. ಹಿಮಚಿರತೆಯ ನೆಲೆ ಎಂದು ಇದಕ್ಕೆ ಹೆಸರು. ಬೇಸಿಗೆಯಲ್ಲಿ ಚಿರತೆ ಕಾಣುವ ಆಸೆ ಇಟ್ಟುಕೊಳ್ಳಬೇಡಿ, ಅದು ಬೇಟೆಯ ಹಿಂದೆ ಎತ್ತರಕ್ಕೆ ಹೋಗಿರುತ್ತದೆ. ಅದರ ಆಹಾರವಾದ ಭರಲ್ ಕುರಿಗಳ ಹಿಂಡು ಮಾತ್ರ ದಾರಿಯಲ್ಲೇ ಸಿಗಬಹುದು.

ಕಾಯಿಲೆಯನ್ನು ಗುರುತಿಸುವುದು

ಈ ಭಾಗವನ್ನು ಓದಿ ಬಿಟ್ಟರೆ ಸಾಲದು, ಜೊತೆಗಾರರೊಂದಿಗೆ ಕುಳಿತು ಮಾತಾಡಬೇಕು.

ತಲೆನೋವು, ಅದರ ಜೊತೆಗೆ ವಾಕರಿಕೆಯೋ ಸುಸ್ತೋ ತಲೆಸುತ್ತೋ ಇದ್ದರೆ ಬೇರೆ ಕಾರಣ ಸಾಬೀತಾಗುವವರೆಗೂ ಅದು ಎತ್ತರದ ಕಾಯಿಲೆಯೇ ಎಂದು ತಿಳಿಯಿರಿ. "ಬಿಸಿಲಿಗೆ", "ನಿನ್ನೆಯ ರಾಜ್ಮಾಕ್ಕೆ" ಎಂಬ ಸಮಜಾಯಿಷಿಗಳೆಲ್ಲ ಮೇಲಕ್ಕೆ ಹೋಗುವ ಆಸೆಯಿಂದ ಹುಟ್ಟುವಂಥವು. ಹೀಗಾದಾಗ ಇರುವ ಎತ್ತರದಲ್ಲೇ ನಿಲ್ಲಬೇಕು. ನೀರು, ವಿಶ್ರಾಂತಿ, ಬೇಕಾದರೆ ಪ್ಯಾರಾಸಿಟಮಾಲ್. ವಾಸಿಯಾದರೆ ಮುಂದೆ, ಹೆಚ್ಚಾದರೆ ಕೆಳಗೆ.

ಜೀವ ತೆಗೆಯುವ ರೂಪಗಳು ಎರಡು. ಒಂದರಲ್ಲಿ ಶ್ವಾಸಕೋಶಕ್ಕೆ ನೀರು ತುಂಬುತ್ತದೆ: ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ತುಟಿ ಉಗುರು ನೀಲಿ, ಕೊನೆಗೆ ನೊರೆನೊರೆಯಾದ ಕೆಂಪು ಕಫ. ಇನ್ನೊಂದರಲ್ಲಿ ಮಿದುಳು ಊದುತ್ತದೆ: ತೊದಲು, ಗೊಂದಲ, ಕುಡಿದವರ ನಡಿಗೆ. ಅನುಮಾನ ಬಂದರೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನೇರ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಯಲು ಹೇಳಿ. ಓಲಾಡಿದರೆ ಆ ಗಳಿಗೆಯೇ ಇಳಿಸಬೇಕು, ರಾತ್ರಿಯಾಗಿದ್ದರೂ ಸರಿ. ಬೆಳಗಾಗಲಿ ಎಂದು ಕಾಯುವುದು ಇಲ್ಲಿ ಸಲ್ಲದು. ಆಮ್ಲಜನಕ, ಡೆಕ್ಸಾಮೆಥಸೋನ್ ಮತ್ತು ನಿಫೆಡಿಪಿನ್ ಎಂಬ ಔಷಧಿಗಳು ಇವೆಲ್ಲ ಇಳಿಯುವುದಕ್ಕೆ ಸಮಯ ಕೊಡುತ್ತವೆ, ಇಳಿಯುವುದರ ಬದಲಿಗಲ್ಲ. ಲೇಹ್‌ನ ಎಸ್‌ಎನ್‌ಎಂ (ಸೋನಂ ನೊರ್ಬೂ ಸ್ಮಾರಕ) ಆಸ್ಪತ್ರೆಯ ವೈದ್ಯರಿಗೆ ಈ ಕಾಯಿಲೆ ಪ್ರತಿ ಬೇಸಿಗೆಯ ಪರಿಚಯ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಅನ್ನು ಪೂಜಿಸಬೇಡಿ. ತಣ್ಣಗಾದ ಬೆರಳು, ಉಗುರು ಬಣ್ಣ ಅದರ ಲೆಕ್ಕ ಕೆಡಿಸುತ್ತವೆ. ಅಂಕಿ ಚೆನ್ನಾಗಿದೆ ಎಂದು ತಲೆನೋವನ್ನು ಕಡೆಗಣಿಸುವುದೂ, ಅಂಕಿ ಇಳಿದಿದೆ ಎಂದು ಉಲ್ಲಾಸದಿಂದಿರುವ ಮನುಷ್ಯನನ್ನು ಹೆದರಿಸುವುದೂ ತಪ್ಪು. ಊಟ ಮಾಡಿದನೇ, ಮಾತಾಡುತ್ತಿದ್ದಾನೆಯೇ, ಮೂತ್ರ ತಿಳಿಯಾಗಿ ಹೋಗುತ್ತಿದೆಯೇ? ಒಳ್ಳೆಯ ಗೈಡ್ ಇದನ್ನೇ ನೋಡುತ್ತಾನೆ.

ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ಇರಬೇಕು ಎಂಬುದು ವೈದ್ಯಲೋಕ ಒಪ್ಪಿದ ಸೂತ್ರ. ಮುಂದಿನ ದಿನಚರಿ ಅದಕ್ಕೆ ಆದಷ್ಟು ಹತ್ತಿರವಾಗಿ ಹೊಂದಿಸಿದ್ದು.

ದಾರಿ

*ಮೊದಲ ದಿನ, ಸ್ಕಿಯು (ಸುಮಾರು 3,400 ಮೀ.).* ಲೇಹ್‌ನಿಂದ ನಿಮ್ಮು ಬಳಿ ಸಿಂಧೂ ಮತ್ತು ಜಂಸ್ಕಾರ್ ನದಿಗಳ ಸಂಗಮ ದಾಟಿ ಚಿಲ್ಲಿಂಗ್‌ಗೆ. ಹಿಂದೆ ಇಲ್ಲಿ ತಂತಿಗೆ ತೂಗುಹಾಕಿದ ತೊಟ್ಟಿಲಲ್ಲಿ ಕುಳಿತು ಜಂಸ್ಕಾರ್ ದಾಟಬೇಕಿತ್ತು, ಈಗ ಸೇತುವೆ ಇದೆ. ಜೀಪ್ ರಸ್ತೆಯೂ ಕಣಿವೆಯೊಳಗೆ ವರ್ಷವರ್ಷ ಮುಂದುವರಿಯುತ್ತಿದೆ. ಊರಿನವರಿಗೆ ಆಸ್ಪತ್ರೆ, ಶಾಲೆ ಹತ್ತಿರವಾಗುತ್ತದೆ. ಧೂಳಿನ ಬಗ್ಗೆ ಚಾರಣಿಗರು ಗೊಣಗುವುದರಲ್ಲಿ ಅರ್ಥವಿಲ್ಲ. ಆದರೆ ರಸ್ತೆ ಇದೆಯೆಂದು ಮೊದಲ ದಿನವೇ ಜೀಪಿನಲ್ಲಿ ಒಳಗಿನವರೆಗೂ ಹೋಗಬೇಡಿ, ಮೈ ಒಗ್ಗಿಸುವ ನಡಿಗೆ ತಪ್ಪಿಹೋಗುತ್ತದೆ.

ಜಿಂಗ್ಚೆನ್, ರುಂಬಕ್ ಕಡೆಯಿಂದ ಗಂದಾ ಲಾ ದಾಟಿ ಸ್ಕಿಯುವಿಗೆ ಬರುವ ಹಳೆಯ ದಾರಿ ಹೆಚ್ಚು ಸುಂದರ. ಆದರೆ ನಡೆಯಲು ಶುರುಮಾಡಿದ ಎರಡು ಮೂರು ದಿನದಲ್ಲೇ ಅದು ನಿಮ್ಮನ್ನು 4,900 ಮೀಟರಿನ ಆಸುಪಾಸಿಗೆ ಎತ್ತುತ್ತದೆ. ಲೇಹ್‌ನಲ್ಲಿ ಐದಾರು ದಿನ ಕಳೆದವರು ಮಾತ್ರ ಆ ಕಡೆ ನೋಡಬಹುದು.

*ಎರಡನೆಯ ದಿನ, ಮರ್ಖಾ ಹಳ್ಳಿ (3,700 ಮೀ. ಆಸುಪಾಸು).* ಇಪ್ಪತ್ತು ಕಿಲೋಮೀಟರ್ ಮುಟ್ಟುವ ಉದ್ದದ ದಿನ, ಏರು ಕಡಿಮೆ. ವಿಲೋ ಮರಗಳ ನೆರಳು, ಮಧ್ಯೆ ಮಧ್ಯೆ ಸೇನೆಯ ಹಳೆಯ ಪ್ಯಾರಾಶೂಟ್ ಬಟ್ಟೆಯನ್ನು ಡೇರೆಯಾಗಿಸಿ ಹಳ್ಳಿಯ ಹೆಂಗಸರು ನಡೆಸುವ ಚಹಾದಂಗಡಿ. ಎಲ್ಲಿ ಕುಳಿತರೂ "ಜುಲೇ" ಎನ್ನಿ. ನಮಸ್ಕಾರಕ್ಕೂ ಧನ್ಯವಾದಕ್ಕೂ ಬೀಳ್ಕೊಡುಗೆಗೂ ಅದೇ ಸಲ್ಲುತ್ತದೆ. ಮಂತ್ರ ಕೆತ್ತಿದ ಕಲ್ಲುಗಳ ಮಣಿಗೋಡೆ ಎದುರಾದರೆ ಅದು ನಿಮ್ಮ ಬಲಕ್ಕೆ ಬರುವಂತೆ ಹಾದುಹೋಗಿ, ದೇವಸ್ಥಾನದ ಪ್ರದಕ್ಷಿಣೆಯ ದಿಕ್ಕೇ ಇದು.

ಹೊಳೆ ದಾಟುವ ಕೆಲಸ ಈ ದಿನ ಬರಬಹುದು. ಹಿಮ ಕರಗಿದ ನೀರು ಮಧ್ಯಾಹ್ನದ ಮೇಲೆ ಏರುತ್ತದೆ, ಆದ್ದರಿಂದ ಬೆಳಿಗ್ಗೆಯೇ ದಾಟುವಂತೆ ಹೊರಡಿ. ಬರಿಗಾಲು ಬೇಡ. ಬೆನ್ನುಚೀಲದ ಸೊಂಟಪಟ್ಟಿ ಬಿಚ್ಚಿರಲಿ, ಬಿದ್ದರೆ ಚೀಲ ಕಳಚಿಕೊಳ್ಳಬೇಕಾಗುತ್ತದೆ. ನೀರು ಬರುವ ಕಡೆಗೆ ಮುಖಮಾಡಿ, ಕೋಲೂರಿ, ಅಡ್ಡಡ್ಡ ಹೆಜ್ಜೆ ಇಡಿ. ಒಂದು ಪಾದ ನೆಲ ಕಚ್ಚಿದ ಮೇಲಷ್ಟೇ ಇನ್ನೊಂದನ್ನು ಎತ್ತಬೇಕು. ನೀರು ಕಲಕಿ ಬೂದಿಬಣ್ಣಕ್ಕೆ ತಿರುಗಿದ್ದರೆ, ಒಳಗೆ ಕಲ್ಲು ಉರುಳುವ ಸದ್ದು ಕೇಳಿದರೆ ದಾಟಬಾರದು.

ಮರ್ಖಾದ ಹೋಂಸ್ಟೇಗಳಲ್ಲಿ ಮನೆಗಳ ನಡುವೆ ಸರದಿ ಇರುತ್ತದೆ. ಇಂಥ ಮನೆಯೇ ಬೇಕೆಂದು ಹಟ ಹಿಡಿಯುವುದು ಸಭ್ಯತೆಯಲ್ಲ. ಅಡುಗೆಮನೆಯೇ ಮನೆಯ ನಡುಮನೆ: ಗೋಡೆಯುದ್ದಕ್ಕೂ ಮರದ ಹಲಗೆಗಳ ಮೇಲೆ ಹೊಳೆಯುವ ತಾಮ್ರ ಹಿತ್ತಾಳೆ ಪಾತ್ರೆಗಳು, ನಡುವೆ ಒಲೆ, ಗೋಡೆಗೊತ್ತಿ ಹಾಸಿದ ಕಂಬಳಿ, ಮುಂದೆ ಚೊಕ್ತ್ಸೆ ಎಂಬ ಗಿಡ್ಡ ಮೇಜು. ಹಿಟ್ಟಿನ ತುಣುಕುಗಳನ್ನು ತರಕಾರಿಯ ಜೊತೆ ಬೇಯಿಸಿದ ಸ್ಕ್ಯು ಬಡಿಸುತ್ತಾರೆ. ಹುರಿದ ಬಾರ್ಲಿಯ ಹಿಟ್ಟು ಮುಂದೆ ಬಂದರೆ ನಮ್ಮ ಹುರಿಹಿಟ್ಟಿನ ಹಾಗೆ ಕಲಸಿಕೊಳ್ಳಬಹುದು, ಬೆಲ್ಲದ ಬದಲು ಉಪ್ಪು ಬೆಣ್ಣೆಯ ಚಹಾ ಅಷ್ಟೇ. ಆ ಚಹಾದ ಬಟ್ಟಲು ಖಾಲಿಯಾದಂತೆಲ್ಲ ತುಂಬುತ್ತಲೇ ಇರುತ್ತಾರೆ. ಸಾಕಾದಾಗ ತುಂಬಿದ ಬಟ್ಟಲನ್ನು ಹಾಗೆಯೇ ಬಿಡಿ, ಏಳುವ ಮುನ್ನ ಮುಗಿಸಿ.

ಶೌಚಾಲಯ ಒಣ ಪದ್ಧತಿಯದು: ಮಣ್ಣಿನ ನೆಲದಲ್ಲಿ ಒಂದು ಕಿಂಡಿ, ಮೂಲೆಯಲ್ಲಿ ಮಣ್ಣು ಬೂದಿಯ ರಾಶಿ, ಒಂದು ಸಲಿಕೆ. ಆದ ಮೇಲೆ ಎರಡು ಸಲಿಕೆ ಮಣ್ಣು ತಳ್ಳಬೇಕು. ಬಕೆಟ್ಟಿನ ನೀರು ಸುರಿದರೆ ಮುಂದಿನ ವಸಂತದಲ್ಲಿ ಹೊಲಕ್ಕೆ ಹೋಗಬೇಕಾದ ಗೊಬ್ಬರ ಕೊಳೆತು ನಾರುತ್ತದೆ. ನೀರೇ ಬೇಕೆನ್ನುವ ನಮ್ಮವರು ಚಿಕ್ಕ ಬಾಟಲಿಯಷ್ಟರಲ್ಲಿ ಮುಗಿಸುವುದನ್ನು ಕಲಿಯಲಿ. ಒದ್ದೆ ಕಾಗದ, ಸ್ಯಾನಿಟರಿ ಪ್ಯಾಡ್, ಪ್ಲಾಸ್ಟಿಕ್ ಎಲ್ಲವೂ ಚೀಲದಲ್ಲಿ ಲೇಹ್‌ಗೆ ವಾಪಸ್ ಬರಬೇಕು.

*ಮೂರನೆಯ, ನಾಲ್ಕನೆಯ ದಿನ, ಹಂಕರ್ (4,000 ಮೀ.) ಮತ್ತು ಥಾಚುಂಗ್ತ್ಸೆ (4,250 ಮೀ.).* ಪ್ಯಾಕೇಜಿನವರು ಇದನ್ನು ಒಂದೇ ದಿನ ಮಾಡಿಸುತ್ತಾರೆ. ಎರಡಾಗಿ ಒಡೆಯಿರಿ. ಮರ್ಖಾ ಮತ್ತು ಉಮ್ಲುಂಗ್ ನಡುವೆ ಬಂಡೆಯ ತುದಿಗೆ ಅಂಟಿಕೊಂಡ ಟೆಚಾ ಗೊಂಪಾಕ್ಕೆ (ಬೌದ್ಧ ಮಠ) ಹತ್ತಿ ಇಳಿಯಲು ಆಗ ಸಮಯ ಸಿಗುತ್ತದೆ. ಎತ್ತರಕ್ಕೆ ಏರಿ ತಗ್ಗಿನಲ್ಲಿ ಮಲಗುವ ಅಭ್ಯಾಸವೂ ಆಯಿತು. ಹಂಕರ್ ಕೊನೆಯ ಹಳ್ಳಿ. ಆಮೇಲೆ ಹೊಲಗಳಿಲ್ಲ.

*ಐದನೆಯ ದಿನ, ನಿಮಾಲಿಂಗ್ (ಸುಮಾರು 4,800 ಮೀ.).* ದೂರ ಕಡಿಮೆ, ಉಸಿರು ದುಬಾರಿ. ಮಧ್ಯೆ ಒಂದು ಪುಟ್ಟ ಕೊಳ, ಗಾಳಿ ನಿಂತಿದ್ದರೆ ಅದರಲ್ಲಿ 6,400 ಮೀಟರಿನ ಕಾಂಗ್ ಯಾತ್ಸೆ ಶಿಖರ. ಅಳಿಲಿನ ಬಳಗದ ದಪ್ಪ ಮಾರ್ಮಟ್‌ಗಳು ಬಿಲದ ಬಾಯಲ್ಲಿ ಎದ್ದು ನಿಂತು ಸಿಳ್ಳೆ ಹಾಕುತ್ತವೆ. ಬಿಸ್ಕತ್ತು ಎಸೆಯಬೇಡಿ.

ಈ ಒಂದು ದಿನದಲ್ಲೇ 550 ಮೀಟರ್ ಏರಿರುತ್ತೀರಿ, ಸೂತ್ರದ ಮಿತಿ ಮೀರಿತು. ಆದ್ದರಿಂದ ಇಲ್ಲಿ ಎರಡು ರಾತ್ರಿ ಇರಿ. ಇಡೀ ಚಾರಣದಲ್ಲಿ ಒಂದೇ ಒಂದು ಹೆಚ್ಚುವರಿ ದಿನಕ್ಕೆ ಹಣ ಕೊಡಲು ಸಾಧ್ಯವಿದ್ದರೆ ಅದನ್ನು ಇಲ್ಲಿಗೆ ಕೊಡಿ. ಮಧ್ಯದ ದಿನ ಕಾಂಗ್ ಯಾತ್ಸೆ ಕಡೆಗೆ ಒಂದೆರಡು ಗಂಟೆ ನಡೆದು ಬನ್ನಿ. ಸಂಜೆ ಕುರಿ ಮೇಕೆಗಳ ಹಿಂಡು ಗುಡ್ಡದಿಂದ ಇಳಿದು ಕಲ್ಲಿನ ದೊಡ್ಡಿ ಸೇರುವುದನ್ನು ನೋಡಬಹುದು. ಬೇಸಿಗೆಯ ಮಟ್ಟಿಗೆ ಹಳ್ಳಿಯವರು ದನಕರುಗಳೊಂದಿಗೆ ಇಲ್ಲಿಗೆ ಬಂದಿರುತ್ತಾರೆ. ನೀರು ಇಲ್ಲಿ 85 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಬೇಳೆ ಬೇಯದು. ಅಡುಗೆಯವನು ಮ್ಯಾಗಿ ಕೊಟ್ಟರೆ ಮುಖ ಸಿಂಡರಿಸಬೇಡಿ. ಆಗಸ್ಟ್‌ನಲ್ಲೂ ರಾತ್ರಿ ಸೊನ್ನೆಗಿಂತ ಕೆಳಗಿಳಿಯಬಹುದು. ಬಾಟಲಿಗೆ ಬಿಸಿನೀರು ತುಂಬಿ ಕಾಲ ಬಳಿ ಇಟ್ಟುಕೊಂಡರೆ ಬೆಳಿಗ್ಗೆ ಕುಡಿಯಲೂ ಆಯಿತು.

ಇಲ್ಲಿಂದ ಕಾಂಗ್ ಯಾತ್ಸೆಯ 6,200 ಮೀಟರ್ ಮೀರಿದ ಎರಡನೆಯ ಶಿಖರವನ್ನೂ ಸೇರಿಸಿ ಮಾರುವವರಿದ್ದಾರೆ. ಲೇಹ್ ಬಳಿಯ ಜನಪ್ರಿಯ ಶಿಖರ ಸ್ಟೋಕ್ ಕಾಂಗ್ರಿಯನ್ನು 2020ರಲ್ಲಿ ಆರೋಹಿಗಳಿಗೆ ಮುಚ್ಚಿದ ಮೇಲೆ ಆ ಒತ್ತಡ ಹೆಚ್ಚಾಯಿತು. ಹಿಮದ ಬೂಟು, ಹಗ್ಗ ಬೇಕಾದ ಅದು ಬೇರೆಯದೇ ಕೆಲಸ. ಮೊದಲ ಭೇಟಿಗೆ ಬೇಡ.

*ಏಳನೆಯ ದಿನ, ಕೊಂಗ್ಮಾರು ಲಾ.* ಹಿಂದಿನ ಸಂಜೆಯೇ ಗೈಡ್ ಎಲ್ಲರನ್ನೂ ಒಬ್ಬೊಬ್ಬರಾಗಿ ಮಾತಾಡಿಸಬೇಕು. ಆತ ಬೇಡವೆಂದರೆ ಚರ್ಚೆಯಿಲ್ಲ, ಬಂದ ಕಣಿವೆಯಲ್ಲೇ ವಾಪಸ್. ಈ ಒಪ್ಪಂದವನ್ನು ಲೇಹ್‌ನಲ್ಲೇ ಮಾಡಿಕೊಂಡಿದ್ದರೆ ಇಲ್ಲಿ ಜಗಳವಾಗದು.

ಬೆಳಕು ಹರಿಯುವ ಮೊದಲೇ ಹೊರಡಿ. ಮಧ್ಯಾಹ್ನ ಗಾಳಿ, ಮೋಡ ಬರುತ್ತವೆ, ಕೆಳಗಿನ ತೊರೆಗಳೂ ಏರುತ್ತವೆ. ಏರು ಸುಮಾರು 400 ಮೀಟರ್, ಎರಡು ಮೂರು ಗಂಟೆ. ಮುಂದಿನವರ ಹಿಮ್ಮಡಿ ನೋಡುತ್ತ, ಮಾತಾಡಲು ಉಸಿರು ಉಳಿಯುವಷ್ಟು ನಿಧಾನವಾಗಿ ನಡೆಯಿರಿ. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಹೆಜ್ಜೆ ಚಿಕ್ಕದಾಗಲಿ, ನಿಲ್ಲುವುದು ಕಡಿಮೆಯಾಗಲಿ. ಹತ್ತು ಹೆಜ್ಜೆ ಓಡಿ ಐದು ನಿಮಿಷ ಕೂರುವವರು ಬೇಗ ಸೋಲುತ್ತಾರೆ. ನೆತ್ತಿಯಲ್ಲಿ ಪ್ರಾರ್ಥನಾ ಬಾವುಟಗಳ ಬಳಿ ಕಾಲು ಗಂಟೆ ಸಾಕು. ಬೆವರಿದ ಮೈಗೆ ಗಾಳಿ ಬಡಿಯುವ ಮೊದಲೇ ಜಾಕೆಟ್ ಹಾಕಿಕೊಳ್ಳಿ.

ಇಳಿಜಾರಿನ ಮೊದಲ ಭಾಗ ಕಡಿದು, ಸಡಿಲ ಕಲ್ಲು. ಕೋಲನ್ನು ಸ್ವಲ್ಪ ಉದ್ದ ಮಾಡಿಕೊಂಡು ಮಂಡಿ ಬಗ್ಗಿಸಿ ಇಳಿಯಿರಿ. ಆಮೇಲೆ ಕೆಂಪು, ಹಸಿರು, ನೇರಳೆ ಬಂಡೆಗಳ ಇಕ್ಕಟ್ಟಾದ ಕಮರಿಯಲ್ಲಿ ತೊರೆಯನ್ನು ಮತ್ತೆ ಮತ್ತೆ ದಾಟುತ್ತ ಚೊಕ್ದೊ, ಅಲ್ಲಿಂದ ಶಾಂಗ್ ಸುಮ್ದೊ. ಪಾಸ್ ದಾಟಿಯಾಯಿತೆಂಬ ಖುಷಿಯಲ್ಲಿ ಕಾಲು ಉಳುಕುವುದು ಇಲ್ಲೇ. ಕಮರಿಯಲ್ಲಿ ಊಟಕ್ಕೆ ಕೂರಬೇಡಿ, ಮೇಲೆ ಮಳೆಯಾದರೆ ನೀರು ಬಂದ ಮೇಲಷ್ಟೇ ಗೊತ್ತಾಗುತ್ತದೆ.

ಇಳಿದ ಮೇಲೆ

ಶಾಂಗ್ ಸುಮ್ದೊದಲ್ಲಿ ಗಾಡಿ ಕಾಯುತ್ತಿರುತ್ತದೆ. ಲೇಹ್ ದಾರಿಯಲ್ಲಿ ಹೆಮಿಸ್ ಮಠ ನೋಡಬಹುದು, ಕಾಲು ಕೇಳಿದರೆ. ಗೈಡ್, ಅಡುಗೆಯವನು, ಕುದುರೆಯವನು ಮೂವರಿಗೂ ಇನಾಮನ್ನು ಅವರವರ ಕೈಗೇ, ನಗದಾಗಿ ಕೊಡಿ. ಕುದುರೆಯವನು ಇಲ್ಲಿಂದಲೇ ಹಿಂದಿರುಗುತ್ತಾನೆ, ಲೇಹ್‌ಗೆ ಹೋಗಿ ಕೊಡೋಣ ಎಂದುಕೊಂಡರೆ ಆತ ಸಿಗುವುದಿಲ್ಲ. ಕಣಿವೆಯಲ್ಲಿ ಎಟಿಎಂ ಇಲ್ಲದ್ದರಿಂದ ಈ ಹಣವನ್ನು ಚಿಲ್ಲರೆಯಾಗಿ ಮೊದಲೇ ಎತ್ತಿಟ್ಟಿರಬೇಕು.

ವಾಪಸ್ ವಿಮಾನಕ್ಕೆ ಮುನ್ನ ಲೇಹ್‌ನಲ್ಲಿ ಒಂದು ಪೂರ್ತಿ ದಿನ ಬಿಡಿ. ಇಲ್ಲಿ ವಿಮಾನಗಳು ಹೆಚ್ಚಾಗಿ ಬೆಳಗಿನ ಹೊತ್ತೇ ಹಾರುತ್ತವೆ, ಮೋಡ ಕವಿದರೆ ರದ್ದಾಗುತ್ತವೆ. ದೆಹಲಿಯಿಂದ ಬೆಂಗಳೂರಿಗೆ ಹೊರಡುವ ವಿಮಾನವನ್ನು ಅದೇ ಟಿಕೆಟ್‌ನಲ್ಲಿ ತೆಗೆದುಕೊಂಡಿದ್ದರೆ ಮುಂದಿನ ವಿಮಾನದ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟ್ ಆದರೆ ಆ ನಷ್ಟ ನಿಮ್ಮದೇ.